ಅಕ್ಕನ ಮಗಳು

ತಿಪ್ಪೇರುದ್ರಮ್ಮ ಮೊಳಕಾಲ್ಮೂರಲ್ಲಿ ನಮ್ಮ ಪಕ್ಕದ ಮನೆಯೋಳು. ಗಂಡ ಜಂಬುಲಿಂಗಪ್ಪ ಸೀರೆ ವ್ಯಾಪಾರಿ. ಅವನನ್ನ ಕೊನೇತನಕ ‘ಮಾವ’ ಅಂತಲೇ ಕರೆದ್ಳು. ಕರೀದೆ ಏನ್ಮಾಡ್ತಾಳೆ? ಅವನು ಅವಳ ಸ್ವಂತ ಸೋದರಮಾವ, ಹೆತ್ತವ್ವನ ತಮ್ಮ. ಇವಳು ಹುಟ್ಟಿದಾಗ್ಲೇ “ಇವಳು ನಿನಗೇ ಕಣೋ” ಅಂತ ತೊಟ್ಟಿಲ ಹತ್ರ ಮಾತಾಗಿತ್ತಂತೆ. ಮಕ್ಕಳಾಗ್ಲಿಲ್ಲ. ಅದಕ್ಕೇ ಏನೋ, ಗಂಡನ್ನೇ ಮಗು ಥರ ನೋಡ್ಕೊಳ್ಳೋಳು. ಅವನು ಉಂಡೇಳೋ ತನಕ ತಟ್ಟೆ ಮುಂದಿಂದ ಕದಲ್ತಿರಲಿಲ್ಲ. “ಜೊಲ್ಲೂ ಒರೆಸೇ” ಅಂತ ನಾನು ಆಡ್ಕೋತಿದ್ದೆ.

ಅಂಥೋನು ಒಂದಿನ ರಾಯದುರ್ಗಕ್ಕೆ ಸೀರೆ ಕೊಟ್ಟು ಬರ್ತೀನಿ ಅಂತ ಹೋದೋನು ಬರಲೇ ಇಲ್ಲ. ಹುಡುಕದ ಊರಿಲ್ಲ, ಕೇಳದ ಜನ ಇಲ್ಲ. ಆಮೇಲೆ ಅವಳು ನಮ್ಮ ಮಗ್ಗಕ್ಕೆ ರೇಷ್ಮೆ ನೂಲು ಸುತ್ತಿಕೊಟ್ಟು ಹೊಟ್ಟೆ ಹೊರೆದ್ಳು. ವರ್ಷಗಳು ಉರುಳಿದ್ವು. ಊರ ಬಾಯಿ ಸುಮ್ನಿರ್ತದಾ? ಸೀಮಂತಕ್ಕೆ ಇವಳನ್ನ ಕರೆಯೋದಾ ಬಿಡೋದಾ, ಇನ್ನೂ ಎಷ್ಟು ದಿನ ಈ ಕುಂಕುಮ ಅಂತ ಗುಸುಗುಸು. ನಾನಂತೂ ಅಂಥೋರ ಮುಖಕ್ಕೇ ಉಗಿದಿದ್ದೀನಿ. ಇವಳು ಮಾತ್ರ ದಿನಾ ಮಿಂದು ಕಾಸಗಲ ಕುಂಕುಮ ಇಟ್ಕೊಂಡು, “ಮಾವ ಆಂಧ್ರದ ಕಡೆ ಎಲ್ಲೋ ಇದಾನೆ ಬೋರಕ್ಕ, ಬರ್ತಾನೆ” ಅನ್ನೋಳು. ಅವಳ ಜೀವ ಆ ಕುಂಕುಮದ ಮೇಲೇ ನಿಂತಿತ್ತು.

ಹೋದ ವರ್ಷ ನಮ್ಮ ತಾಲ್ಲೂಕಿನ ಬ್ರಹ್ಮಗಿರಿ ಕಡೆ ಬಂಡೆ ಸಂದೀಲಿ ಒಬ್ಬ ಗಂಡಸಿನ ಎಲುಬು ಸಿಕ್ವು. ಕಾಣೆಯಾದೋರ ಮನೆಯವರನ್ನೆಲ್ಲ ಚಳ್ಳಕೆರೆ ಆಸ್ಪತ್ರೆಗೆ ಕರೆಸಿದ್ರು. ಇವಳ ಜೊತೆ ನಾನೂ ಹೋದೆ. ರಕ್ತ ತಗೊಳ್ಳೋಕೆ ಬಂದಿದ್ದೋಳು ಮಾಲತಿ ಅಂತ, ಮೆತ್ತಗೆ ಮಾತಾಡೋ ಹುಡುಗಿ. ಮೊದಲು ಕಾರವಾರದ ಕಡೆ ತಿಮಿಂಗಿಲಗಳ ಮೇಲೆ ಕೆಲಸ ಮಾಡಿದ್ಳಂತೆ.

“ದಡಕ್ಕೆ ಬಿದ್ದ ತಿಮಿಂಗಿಲದ ಒಂದು ಚೂರು ಚರ್ಮ ಸಿಕ್ಕಿದ್ರೆ ಸಾಕಮ್ಮ, ಅದು ಯಾವ ತಾಯಿಯ ಬಳ್ಳಿ ಅಂತ ಹುಡುಕ್ತಿದ್ವಿ” ಅಂದ್ಳು. “ತಾಯಿಯಿಂದ ಮಾತ್ರ ಬರೋ ಒಂದು ಡಿಎನ್‌ಎ ಇದೆ. ಗಂಡುಮಕ್ಕಳಿಗೂ ಬರುತ್ತೆ, ಹೆಣ್ಣುಮಕ್ಕಳಿಗೂ ಬರುತ್ತೆ, ಆದ್ರೆ ಮುಂದಕ್ಕೆ ಕೊಡೋದು ಹೆಣ್ಣುಮಕ್ಕಳೇ. ಮನುಷ್ಯರಲ್ಲೂ ಹಾಗೇ. ಹಳೇ ಎಲುಬಲ್ಲೂ ಅದು ಉಳಿದಿರುತ್ತೆ. ನಿಮ್ಮ ಯಜಮಾನರ ತಾಯಿ ಇದಾರಾ? ಅಕ್ಕ-ತಂಗಿ, ಅಣ್ಣ-ತಮ್ಮ?”

ಯಾರೂ ಉಳಿದಿರಲಿಲ್ಲ. ಪಕ್ಕದಲ್ಲಿದ್ದ ಪೊಲೀಸಪ್ಪ, “ಹಂಗಾದ್ರೆ ಬಿಟ್ಬಿಡಿ ಮೇಡಂ. ಹೆಂಡ್ತಿ ರಕ್ತ ಯಾಕೆ ಬೇಕು? ಹೊರಗಿನೋಳು” ಅಂದ.

ಆಗ್ಲೇ ಎದ್ದು ಬಂದಿದ್ರೆ ಮುಗೀತಿತ್ತು. ಇವಳಿಗೆ ಆ ಮಾತು ಎಲ್ಲಿ ಚುಚ್ತೋ! “ಯಾರಪ್ಪ ಹೊರಗಿನೋಳು? ನಾನು ಅವರ ಒಡಹುಟ್ಟಿದ ಅಕ್ಕನ ಮಗಳು!” ಅಂದ್ಬಿಟ್ಳು. ಸುಮ್ನಿರೇ ಅಂತ ನಾನು ತೊಡೆ ಚಿವುಟಿದ್ರೂ ಕೇಳ್ಲಿಲ್ಲ.

ಮಾಲತಿ ಅವಳ ಮುಖ ನೋಡಿದ್ಳು. “ಹಾಗಾದ್ರೆ ನಿಮ್ಮ ರಕ್ತನೇ ಸಾಕಮ್ಮ. ನಿಮ್ಮ ತಾಯಿಗೂ ಅವರಿಗೂ ಹೆತ್ತವ್ವ ಒಬ್ಬಳೇ ಅಲ್ವಾ? ಅವರಲ್ಲಿರೋದೇ ನಿಮ್ಮಲ್ಲೂ ಇರುತ್ತೆ.”

ತಿಪ್ಪೇರುದ್ರಿ ಹೆಮ್ಮೆಯಿಂದ ಕೈ ಚಾಚಿದ್ಳು. “ತಗೊಳ್ರಿ. ಆ ಎಲುಬು ಅವರದಲ್ಲ ಅಂತ ಗೊತ್ತಾದ್ರೆ ಊರೋರ ಬಾಯಾದ್ರೂ ಮುಚ್ತದೆ.”

ಒಂದೆರಡು ತಿಂಗಳಾದ ಮೇಲೆ ಮಾಲತಿಯೇ ಫೋನ್ ಮಾಡಿದ್ಳು. ರಕ್ತಕ್ಕೂ ಎಲುಬಿಗೂ ಹೊಂದಿಕೆ ಆಗಿತ್ತು. ಅವರ ತಾಯಿ ಬಳ್ಳೀಲಿ ಕಾಣೆಯಾದ ಗಂಡಸು ಇನ್ಯಾರೂ ಇರಲಿಲ್ಲ. ಅಯ್ಯೋ ಶಿವನೇ, ಆ ಫೋನ್ ನನ್ನ ಕೈಗೇ ಬರಬೇಕಿತ್ತಾ? ನಾನೇ ಹೇಳ್ದೆ. ಅವಳು “ಹೌದಾ” ಅಂದು ನೂಲು ಸುತ್ತೋದನ್ನ ಮುಂದುವರಿಸಿದ್ಳು.

ಎಲುಬು ತಂದು ಮಣ್ಣು ಮಾಡಿದ್ವಿ. ಬಳೆ ತೆಗೆಸೋಕೆ ಹೆಂಗಸ್ರು ಬಂದ್ರು. “ತಡೀರೇ, ನಿಮಗೇನು ಅಷ್ಟು ಅವಸರ?” ಅಂತ ಬಾಗಿಲಿಗೆ ಅಡ್ಡ ನಿಂತು ಬೈದೆ. ಅವಳೇ ನನ್ನ ಪಕ್ಕಕ್ಕೆ ಸರಿಸಿ, ಯಾರಿಗೂ ಮುಟ್ಟೋಕೆ ಬಿಡದೆ, ಸೆರಗಿನಿಂದ ತಾನೇ ಹಣೆ ಒರೆಸ್ಕೊಂಡ್ಳು. ಬಳೇನೂ ತಾನೇ ತೆಗೆದ್ಳು. ಅವರೆಲ್ಲ ಹೋದ ಮೇಲೆ ನನ್ನ ಮಡಿಲಲ್ಲಿ ಮುಖ ಹುದುಗಿಸಿ ಹೋ ಅಂತ ಅತ್ಳು.

“ಆ ಪೊಲೀಸಪ್ಪ ಬಿಟ್ಬಿಡಿ ಅಂದಿದ್ದ ಬೋರಕ್ಕ” ಅಂದ್ಳು. “ಮಾವ ಇನ್ನೂ ಎಲ್ಲೋ ಇರ್ತಿದ್ದ. ಅಕ್ಕನ ಮಗಳು ಅಂತ ಹೇಳಿ ನಾನೇ ಸಾಯಿಸ್ಬಿಟ್ಟೆ.”