ಗಂಟೆಗಿಂತ ಮುಂದೆ ಓಡಿದ ಕೈ

ಹೊಳೆ ದಾಟಿಸುವ ಆ ಲಾಂಚಿನಲ್ಲಿ ಕೆಲಸದವರು ಮೂವರೇ. ಮೇಲೆ ಚುಕ್ಕಾಣಿ ಹಿಡಿಯುವವರು, ಅವರನ್ನು ಎಲ್ಲರೂ ಯಜಮಾನರೆಂದೇ ಕರೆಯುವುದು. ಮುಂದುಗಡೆ ಹಗ್ಗ ಎಸೆಯುವವನು. ಕೆಳಗೆ, ಕಿಟಕಿಯೇ ಇಲ್ಲದ ಎಣ್ಣೆ ವಾಸನೆಯ ಗೂಡಿನಲ್ಲಿ ಎಂಜಿನ್ನಿನವನು. ಯಜಮಾನರು ಮೇಲಿನಿಂದ ತಂತಿ ಎಳೆದರೆ ಅವನ ತಲೆಯ ಮೇಲೆ ಗಂಟೆ ಹೊಡೆಯುತ್ತದೆ. ಒಂದು ಸಲ ಹೊಡೆದರೆ ಮುಂದಕ್ಕೆ, ಎರಡು ಸಲ ಹೊಡೆದರೆ ನಿಲ್ಲಿಸು, ಮೂರು ಸಲ ಹೊಡೆದರೆ ಹಿಂದಕ್ಕೆ. ಹೊರಗೆ ಏನಿದೆಯೋ ಅವನಿಗೆ ಕಾಣುವುದಿಲ್ಲ, ಕಾಣಬೇಕಾಗಿಯೂ ಇಲ್ಲ.

ಆದರೆ ವರ್ಷಾನುಗಟ್ಟಲೆ ಅದೇ ಹೊಳೆ, ಅದೇ ದಡ. ಜನ ಹತ್ತಿಳಿಯುವ ಕಟ್ಟೆ ಹತ್ತಿರವಾದರೆ ನೀರಿನ ಸದ್ದು ಬದಲಾಗುತ್ತಿತ್ತು. ಮೇಲೆ ಜನ ಚೀಲ ಎತ್ತಿಕೊಂಡು ಏಳುವ ಧಡಬಡ ಕೇಳಿಸುತ್ತಿತ್ತು. ಆಗ ಅವನ ಕೈ ತಾನಾಗಿ ಗೇರಿನ ಹಿಡಿಯ ಮೇಲೆ ಹೋಗಿ, ಗಂಟೆಗಿಂತ ಒಂದು ಉಸಿರು ಮುಂಚೆಯೇ ಅದನ್ನು ಹಿಂದಕ್ಕೆ ಎಳೆದುಬಿಡುತ್ತಿತ್ತು. "ನಮ್ಮ ಎಂಜಿನ್ನಣ್ಣನಿಗೆ ಹೊಟ್ಟೆಯಲ್ಲೇ ಗಂಟೆ ಇದೆ ಕಣ್ರಪ್ಪಾ" ಎಂದು ಯಜಮಾನರು ನಗುತ್ತಿದ್ದರು. ಅವನಿಗೂ ಒಳಗೊಳಗೇ ಜಂಬ.

ಆ ಬೇಸಿಗೆಯಲ್ಲಿ ನೀರು ಇಳಿಯಿತು. ಹಳೆಯ ಕಟ್ಟೆಯನ್ನು ದಾಟಿ, ಅದರಾಚೆಯ ಕಂಬಕ್ಕೆ ಲಾಂಚ್ ಕಟ್ಟಬೇಕೆಂದು ಯಜಮಾನರು ಬೆಳಿಗ್ಗೆಯೇ ಹೇಳಿದ್ದರು. ಅವನು ಹೂಂಗುಟ್ಟಿಯೂ ಇದ್ದ. ಆದರೆ ಕಟ್ಟೆಯ ಪಕ್ಕಕ್ಕೆ ಬಂದಾಗ ನೀರು ಎಂದಿನಂತೆಯೇ ಸದ್ದು ಮಾಡಿತು. ಜನರೂ ರೂಢಿಯಂತೆ ಎದ್ದು ನಿಂತರು. ಕೈ ಗೇರಿನ ಹಿಡಿಗೆ ಹೋಗಿಬಿಟ್ಟಿತು. ಲಾಂಚ್ ನಡುವೆಯೇ ತಡೆದು ನಿಂತು, ಸೆಳೆತಕ್ಕೆ ಅಡ್ಡ ತಿರುಗಿ, ಕಟ್ಟೆಯ ಕಲ್ಲಿಗೆ ಬಡಿಯಿತು. ಹಗ್ಗದವನ ಎಡಗೈ ಅಂಚಿನ ಕಂಬಿಯ ಮೇಲಿತ್ತು. ಎರಡು ಬೆರಳು ಜಜ್ಜಿಹೋದವು.

ಆ ಹಗ್ಗದವನು ಬೇರೆ ಯಾರೂ ಅಲ್ಲ, ಎಂಜಿನ್ನಿನವನ ಹೆಂಡತಿಯ ತಮ್ಮ. ಯಜಮಾನರ ಕಾಲು ಹಿಡಿದು ಅವನನ್ನು ಕೆಲಸಕ್ಕೆ ಸೇರಿಸಿದ್ದವನು ಇವನೇ.

ಮನೆಯಲ್ಲಿ ಹೆಂಡತಿ ಬೈಯಲಿಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದ. ಅವಳು ಎಂದಿನಂತೆ ಬಡಿಸಿದಳು, ಎಂದಿನಂತೆ ಇನ್ನೂ ಸ್ವಲ್ಪ ಹಾಕಲೇ ಎಂದು ಕೇಳಿದಳು. ಅವನು ಅರ್ಧ ಊಟಕ್ಕೇ ಕೈ ತೊಳೆದ. ಅದೇ ಮನೆಯಲ್ಲಿದ್ದ ಭಾಮೈದನಿಗೆ ಬೆಳಿಗ್ಗೆ ಅಂಗಿಯ ಗುಂಡಿ ಹಾಕಿಕೊಡುವ ಕೆಲಸವನ್ನು ಇವನೇ ಮೈಮೇಲೆ ಎಳೆದುಕೊಂಡ.

"ಭಾವ, ಕುತ್ತಿಗೆ ಹತ್ರದ್ದು ಬಿಡಿ. ನನ್ನನ್ನೇನು ಹೆಣ್ಣು ನೋಡೋಕೆ ಕಳಿಸ್ತಿದ್ದೀರಾ?"

ಭಾವ ಆ ಗುಂಡಿಯನ್ನೂ ಹಾಕಿದ.

"ಅಕ್ಕಾ, ಇವರನ್ನ ನೋಡು. ಪೆಟ್ಟು ಬಿದ್ದಿದ್ದು ನನಗೆ, ಮುಖ ಊದಿರೋದು ಇವರದ್ದು."

ಲಾಂಚಿನಲ್ಲಿ ಈಗ ಹಗ್ಗಕ್ಕೆ ಬದಲಿಯವನೊಬ್ಬ ಬರುತ್ತಿದ್ದ. ಕೆಳಗೆ ಎಂಜಿನ್ನಿನವನ ಪಾಡು ಮಾತ್ರ ಹೇಳತೀರದು. ಕೈ ಮುಂದೆ ಓಡದಿರಲೆಂದು ಅದನ್ನು ತೊಡೆಯ ಕೆಳಗೆ ಒತ್ತಿಕೊಂಡು ಕೂರುತ್ತಿದ್ದ. ಗಂಟೆ ಹೊಡೆದರೆ, ಅದು ನಿಜವಾಗಿ ಹೊಡೆಯಿತೋ ತನ್ನ ತಲೆಯೊಳಗೇ ಹೊಡೆಯಿತೋ ಎಂಬ ಅನುಮಾನ. ಅನುಮಾನ ತೀರಿಸಿಕೊಳ್ಳುವಷ್ಟರಲ್ಲಿ ತಡವಾಗಿ, ಮೇಲಿನಿಂದ ಯಜಮಾನರ ಕೂಗು ಕೇಳುತ್ತಿತ್ತು: "ಅಯ್ಯಾ, ಮಲಗಿದ್ಯೇನೋ!"

ಬದಲಿಯವನು ನಾಳೆಯಿಂದ ಬರುವುದಿಲ್ಲ ಎಂದ ದಿನ, ಸಂಜೆಯ ಕೊನೆಯ ಸುತ್ತು ಮುಗಿದ ಮೇಲೆ, ಎಂಜಿನ್ನಿನವನು ಏಣಿ ಹತ್ತಿ ಮೇಲೆ ಬಂದ. ಯಜಮಾನರು ಚುಕ್ಕಾಣಿ ಒರೆಸುತ್ತಿದ್ದರು.

"ಯಜಮಾನ್ರೇ, ನನ್ನ ಜಾಗಕ್ಕೂ ಬೇರೆಯವರನ್ನ ನೋಡ್ಕೊಳ್ಳಿ."

"ಯಾಕಪ್ಪಾ, ಹಡಗಿಗೆ ಕರೆದಿದ್ದಾರಾ?"

"ತಮಾಷೆ ಮಾಡ್ಬೇಡಿ. ಮೊದಲು ಗಂಟೆಗೆ ಮುಂಚೆ ಹೋಗ್ತಿದ್ದ ಕೈ, ಈಗ ಗಂಟೆ ಆದ್ಮೇಲೂ ಹೋಗಲ್ಲ. ಇವತ್ತು ಬೆರಳು, ನಾಳೆ ಯಾರದಾದ್ರೂ ತಲೆ. ನಾನು ಈ ಕೆಲಸಕ್ಕೆ ಲಾಯಕ್ಕಿಲ್ಲ. ಬಿಟ್ಟುಬಿಡಿ ನನ್ನನ್ನ."

ಯಜಮಾನರು ಬಟ್ಟೆ ಕೊಡವಿ, "ಸರಿ" ಎಂದರು.

ಅವನಿಗೆ ಮುಖಕ್ಕೆ ಹೊಡೆದಂತಾಯಿತು. ಹೋಗಬೇಡ ಎನ್ನುತ್ತಾರೆ, ನಿನ್ನಂಥವನು ಎಲ್ಲಿ ಸಿಗುತ್ತಾನೆ ಎನ್ನುತ್ತಾರೆ ಎಂದು ಮನಸ್ಸಿನ ಮೂಲೆಯಲ್ಲಿ ಕಾದಿದ್ದನೆಂಬುದು ಆಗಲೇ ಅವನಿಗೆ ಗೊತ್ತಾದದ್ದು. ಬೆರಳು ಜಜ್ಜಿದ್ದಕ್ಕಿಂತ ಇದಕ್ಕೇ ಹೆಚ್ಚು ನಾಚಿಕೆಯಾಯಿತು. ತಲೆ ತಗ್ಗಿಸಿ ಹೊರಟ.

"ಎಲ್ಲಿಗೆ? ಮಾತು ಮುಗೀಲಿಲ್ಲ ಇನ್ನೂ. ಎಂಜಿನ್ ಬಿಡು ಅಂದೆ, ಲಾಂಚ್ ಬಿಡು ಅಂದ್ನಾ? ನಿನ್ನ ಭಾಮೈದ ಕೆಳಗೆ ಕೂತ್ಕೋತಾನೆ. ಗೇರು ಹಾಕೋಕೆ ಒಂದು ಕೈ ಸಾಕು, ನಿನ್ನ ಹತ್ರಾನೇ ಕಲಿತಿದ್ದಾನೆ. ನೀನು ಹಗ್ಗಕ್ಕೆ ಬಾ."

"ನಾನಾ? ಅಷ್ಟು ಜನರ ಮುಂದೆ?"

"ಮತ್ತೆ? ಜನರ ಹಿಂದೆ ನಿಂತು ಹಗ್ಗ ಎಸೀತಾರಾ?"

ಯಜಮಾನರ ದನಿ ಇಳಿಯಿತು.

"ನೋಡು, ನೀನು ಮುಂಚೇನೇ ಎಳೀತೀಯ ಅಂತ ನಾನೂ ಗಂಟೆ ನಿಧಾನಕ್ಕೆ ಹೊಡೀತಿದ್ದೆ. ನಿನ್ನನ್ನ ಹೊಗಳಿ ಹೊಗಳಿ ಕೆಡಿಸಿದವನೂ ನಾನೇ. ನೀನೊಬ್ಬ ಮನೇಲಿ ಮುಖ ಮುಚ್ಕೊಂಡು ಕೂತ್ರೆ, ನಾನೆಲ್ಲಿ ಕೂರಲಿ?"

ಮರುದಿನ ಭಾಮೈದ ಬ್ಯಾಂಡೇಜಿನ ಕೈಯನ್ನು ಮಡಿಲಲ್ಲಿಟ್ಟುಕೊಂಡು ಕೆಳಗೆ ಕೂತ. ಭಾವ ಮುಂದುಗಡೆ ನಿಂತ. ಬಿಸಿಲು ಕಣ್ಣಿಗೆ ಚುಚ್ಚುತ್ತಿತ್ತು. ಬೆನ್ನ ಹಿಂದೆ ಜನ ಪಿಸುಗುಟ್ಟುವುದು ಕೇಳಿಸಿತು: ಇವನೇ ಅಲ್ವಾ ಅವತ್ತು ಕಲ್ಲಿಗೆ ಬಡಿಸಿದ್ದು? ಕಿವಿ ಕಾದವು. ಕೆಳಗೆ ಗಂಟೆ ಕೇಳಿಸಿತು, ಆಮೇಲೆ ಎಂಜಿನ್ನಿನ ಸದ್ದು ತಿರುಗಿತು. ಗಂಟೆ ಮೊದಲು, ಸದ್ದು ಆಮೇಲೆ.

ಹಗ್ಗ ಎಸೆದ. ಅದು ಕಂಬಕ್ಕೆ ಒಂದು ಮಾರು ಈಚೆಗೇ ನೀರಿಗೆ ಬಿತ್ತು. ಜನ ಘೊಳ್ಳೆಂದು ನಕ್ಕರು.

"ಹೊಸಬನಾ?" ಎಂದು ಬುಟ್ಟಿ ಹೊತ್ತ ಹೆಂಗಸೊಬ್ಬಳು ಕೇಳಿದಳು.

ಯಜಮಾನರು ಮೇಲಿನಿಂದ ಬಾಯಿ ತೆರೆಯುವ ಮೊದಲೇ ಅವನು, "ಹೌದಮ್ಮಾ, ಹೊಸಬ. ಸ್ವಲ್ಪ ಹಿಂದೆ ಸರೀರಿ" ಎಂದು, ನೀರು ಸುರಿಯುತ್ತಿದ್ದ ಹಗ್ಗವನ್ನು ತಲೆ ಎತ್ತದೆ ಕೈಕೈಯಾಗಿ ಎಳೆದುಕೊಳ್ಳತೊಡಗಿದ.