ಭೂತಗನ್ನಡಿಯ ಮನೆಗೆ ಬಂದ ನಾಯಿ

ಅಂಗಿ ಕಾರ್ಖಾನೆಯಲ್ಲಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಉಳಿದವರಿಗೆಲ್ಲ ಅವಳು ಭೂತಗನ್ನಡಿ. ಇಪ್ಪತ್ತಾರು ವರ್ಷದಿಂದ ತಪಾಸಣೆಯ ಮೇಜಿನ ಮುಂದೆ ನಿಂತು, ಹೊಲಿದು ಬಂದ ಅಂಗಿಗಳನ್ನು ತಿರುವಿ ಮುರುವಿ ನೋಡಿ, ತಪ್ಪಿದ ಹೊಲಿಗೆಯ ಪಕ್ಕ ಕೆಂಪು ಬಾಣದ ಸ್ಟಿಕರ್ ಅಂಟಿಸುವುದು ಅವಳ ಕೆಲಸ. ಕೆಲಸದಲ್ಲಿ ಆ ಕಣ್ಣು ಬೇಕೇ ಬೇಕು. ತೊಂದರೆ ಏನೆಂದರೆ, ಸಂಜೆ ಏಪ್ರನ್ ಕಳಚಿ ಮೊಳೆಗೆ ನೇತುಹಾಕಿದಂತೆ ಆ ಕಣ್ಣನ್ನು ಕಳಚಿಡಲು ಅವಳಿಗೆ ಬರುತ್ತಿರಲಿಲ್ಲ. ಮೀನಿನವನು ನಕ್ಕರೆ ಮೀನು ಹಳೆಯದು ಎನ್ನುವಳು, ನಗದಿದ್ದರೆ ಏನೋ ಮುಚ್ಚಿಡುತ್ತಿದ್ದಾನೆ ಎನ್ನುವಳು. ಚರ್ಚಿನಲ್ಲಿ ಕೊನೆಯ ಬೆಂಚಿನಲ್ಲಿ ಕೂತು, ಪ್ರಾರ್ಥನೆಯ ಹೊತ್ತಿಗೆ ಯಾರು ಕಣ್ಣು ಬಿಟ್ಟಿದ್ದಾರೆ ಎಂದು ಒಂದು ಕಣ್ಣು ಬಿಟ್ಟು ನೋಡುವಳು.

ಗಂಡ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಮನೆಯಲ್ಲಿ ಅವಳು ಮತ್ತು ಅತ್ತೆ, ಇಬ್ಬರೇ. ಬೇಕರಿಯ ಹಿಂದಿನ ಓಣಿಯಲ್ಲಿ ಎರಡು ಕೋಣೆಯ ಮನೆ. ಅತ್ತೆಗೆ ಕಣ್ಣಿನ ಪೊರೆ ದಪ್ಪವಾಗಿ ಎದುರಿಗೆ ನಿಂತವರು ನೆರಳಿನಂತೆ ಕಾಣುತ್ತಿದ್ದರು. ಆದರೂ ಬಾಗಿಲು ಬಡಿದವರನ್ನೆಲ್ಲ "ಬಾ ಕಂದಾ, ಒಳಗೆ ಬಾ" ಎಂದು ಕರೆಯುವರು. ಕಣ್ಣಿದ್ದವಳು ಯಾರನ್ನೂ ನಂಬಳು, ಕಣ್ಣಿಲ್ಲದವರು ಎಲ್ಲರನ್ನೂ ನಂಬುವರು ಎಂದು ಬೇಕರಿಯವನು ನಗುತ್ತಿದ್ದ.

ಆ ನಾಯಿಯನ್ನು ಒಳಗೆ ಕರೆದದ್ದೂ ಅತ್ತೆಯೇ. ಒಂದು ಶನಿವಾರ ಮಧ್ಯಾಹ್ನ ಭೂತಗನ್ನಡಿ ಕೆಲಸ ಮುಗಿಸಿ ಬಂದಾಗ ಅತ್ತೆಯ ಕುರ್ಚಿಯ ಕೆಳಗೆ ಕಂದು ಬಣ್ಣದ ನಾಯಿಯೊಂದು ಮಲಗಿತ್ತು. ಒಂದು ಕಿವಿ ಅರ್ಧಕ್ಕೆ ಹರಿದಿತ್ತು. ಅವಳನ್ನು ನೋಡಿ ಬಾಲ ಆಡಿಸಿತು.

"ಇದೇನಿದು ಅತ್ತೆ?"

"ದೊರೆ. ಹಾಗಂತ ಹೆಸರಿಟ್ಟೆ. ತಾನಾಗೇ ಬಂದ ಕಣೇ."

"ತಾನಾಗೇ ಯಾರೂ ಬರಲ್ಲ. ಯಾರೋ ಕಳಿಸಿರ್ತಾರೆ. ನೋಡಿ, ನನ್ನ ಮುಖ ನೋಡಿದ್ರೂ ಬೊಗಳ್ತಿಲ್ಲ. ಬೊಗಳದ ನಾಯಿ ಅಂದ್ರೆ ಕಳ್ಳರು ಪಳಗಿಸಿದ ನಾಯಿ."

"ಬೊಗಳಿದ್ರೆ ಕಚ್ಚೋ ನಾಯಿ ಅಂತಿದ್ದೆ. ನಿನ್ನ ಕಾಮಾಲೆ ಕಣ್ಣಿಗೆ ಹಾಲೂ ಹಳದಿ."

ಅತ್ತೆಯ ಮಾತಿಗೆ ಎದುರಾಡಿ ಗೆದ್ದವರಿಲ್ಲ. ನಾಯಿ ಉಳಿಯಿತು. ಭೂತಗನ್ನಡಿ ಅದರ ಕುತ್ತಿಗೆಗೆ ಹಗ್ಗ ಕಟ್ಟಿ, ಕಾರ್ಖಾನೆಯಲ್ಲಿ ಅಂಗಿಯ ಕಟ್ಟುಗಳಿಗೆ ಹಾಕುವ ಜೋಡಿ ಗಂಟು ಬಿಗಿದಳು. ಅಡುಗೆಮನೆಗೆ ಚಿಲಕ ಹಾಕಿದಳು.

ಮೂರನೇ ವಾರ ತಟ್ಟೆಯಲ್ಲಿದ್ದ ಮೀನು ಮಾಯವಾಯಿತು. ಯೋಚನೆಯೇ ಬೇಡ ಎಂಬಂತೆ ಅವಳು ನಾಯಿಯ ಪಕ್ಕೆಗೆ ಒದ್ದಳು. ಅದು ಕುಂಯ್ ಎಂದು ಮೂಲೆಗೆ ಸೇರಿತು. ಐದು ನಿಮಿಷದ ಮೇಲೆ ಕಿಟಕಿಯ ಸಂದಿಯಲ್ಲಿ ಪಕ್ಕದ ಮನೆಯ ಬೆಕ್ಕು ಮೀನಿನ ಬೆನ್ನುಮೂಳೆ ಕಚ್ಚಿಕೊಂಡು ಕೂತಿರುವುದು ಕಂಡಿತು. ಅವಳು ಕಿಟಕಿ ಮುಚ್ಚಿದಳು. ಊಟಕ್ಕೆ ಕೂತಾಗ ನಾಯಿ ಮೂಲೆಯಿಂದ ಎದ್ದು ಬಂದು, ಒದ್ದ ಕಾಲಿನ ಮೇಲೆಯೇ ತಲೆಯಿಟ್ಟು ಮಲಗಿತು.

"ಕುಂಯ್‌ಗುಟ್ಟೋ ಸದ್ದು ನಿಲ್ತು. ದೊರೆ ನಿನ್ನ ಹತ್ರ ಬಂದ್ನಾ?" ಎಂದರು ಅತ್ತೆ.

"ಹೊಟ್ಟೆಪಾಡು. ಬ್ರೆಡ್ಡಿನ ಆಸೆಗೆ ಬಂದಿದೆ."

ಹಾಗೆಂದಳೇ ಹೊರತು ಕಾಲು ಎಳೆದುಕೊಳ್ಳಲಿಲ್ಲ. ಕಾಲು ಜೋಮು ಹಿಡಿದರೂ ಕದಲದೆ ಕೂತಳು. ಇದು ಹೀಗೇಕೆ ಮಾಡಿತು ಎಂದು ಮರುದಿನ ಮೇಜಿನ ಮುಂದೆಯೂ ಅವಳಿಗೆ ಅದೇ ಯೋಚನೆ. ಒದೆ ಮರೆತುಹೋಯಿತೇ, ಅಥವಾ ನೆನಪಿಟ್ಟುಕೊಂಡೇ ಬಂತೇ? ನೆನಪಿಟ್ಟುಕೊಂಡು ಬಂದಿದ್ದರೆ ಅದಕ್ಕಿಂತ ಅನುಮಾನದ ವಿಷಯ ಇನ್ನೊಂದಿಲ್ಲ.

ಮಳೆಗಾಲ ಕಳೆಯುವ ಹೊತ್ತಿಗೆ ಹಗ್ಗದ ಇನ್ನೊಂದು ತುದಿಯನ್ನು ಕಟ್ಟುವುದು ತಪ್ಪಿಹೋಯಿತು. ಆಗ ಹೊಸ ಸಮಸ್ಯೆ ಶುರುವಾಯಿತು. ದಿನಾ ಮಧ್ಯಾಹ್ನ ನಾಯಿ ಕಾಣೆಯಾಗಿ, ಅವಳು ಕೆಲಸದಿಂದ ಬರುವಷ್ಟರಲ್ಲಿ ಹಾಜರಾಗುತ್ತಿತ್ತು. ಒಂದು ದಿನ ಅದರ ಮೈಯಿಂದ ಸೋಪಿನ ವಾಸನೆ ಬಂತು. ಇನ್ನೊಂದು ದಿನ ಹರಿದ ಕಿವಿಗೆ ಯಾರೋ ಮುಲಾಮು ಹಚ್ಚಿದ್ದರು.

"ಯಾರೋ ನಾಯೀನ ಒಲಿಸಿಕೊಳ್ತಿದ್ದಾರೆ, ಅತ್ತೆ."

"ಒಲಿಸಿಕೊಳ್ಳಲಿ ಬಿಡು. ಬೇಡದ ನಾಯಿ ಅಂತಿದ್ದೆಯಲ್ಲ?"

"ಬೇಡ ಅಂದಿದ್ದು ನಿಜ. ಹಾಗಂತ ಕದಿಯೋಕೆ ಬಿಡ್ತೀನಾ?"

ಯಾರಾದರೂ ಹಗ್ಗ ಮುಟ್ಟುತ್ತಾರೋ ತಿಳಿಯಲೆಂದು ಅವಳು ಅದಕ್ಕೆ ಒಂದು ಕೆಂಪು ಬಾಣ ಅಂಟಿಸಿ ಕಳಿಸಿದಳು. ಸಂಜೆ ಬಾಣ ಇರಲಿಲ್ಲ. ಇಸ್ತ್ರಿಯವನ ಮೇಲೆ ಅನುಮಾನ, ಬೇಕರಿಯವನ ಮೇಲೆ ಅನುಮಾನ, ಚರ್ಚಿನ ಪಾಸ್ಟರ್ ಎರಡು ಸಲ ನಾಯಿಯ ಯೋಗಕ್ಷೇಮ ವಿಚಾರಿಸಿದ್ದರಿಂದ ಅವರ ಮೇಲೂ ಒಂದಿಷ್ಟು. ನಾಲ್ಕನೇ ದಿನ ನಾಯಿ ಬಂದಾಗ ಹಗ್ಗವೇ ಇರಲಿಲ್ಲ. ಅದರ ಜಾಗದಲ್ಲಿ ದಪ್ಪ ನೀಲಿ ಬಟ್ಟೆಯ ಪಟ್ಟಿ. ಒಳಗೆ ಮೆತ್ತನೆಯ ಅಸ್ತರಿ, ಸುತ್ತ ಕೈಹೊಲಿಗೆ.

ಭೂತಗನ್ನಡಿ ಪಟ್ಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಬಲಗೈಯವರ ಹೊಲಿಗೆ ಬಲದಿಂದ ಎಡಕ್ಕೆ ನಡೆಯುತ್ತದೆ. ಇದು ಎಡದಿಂದ ಬಲಕ್ಕೆ ನಡೆದಿತ್ತು. ಕೊನೆಯಲ್ಲಿ ದಾರ ಗಂಟು ಹಾಕದೆ ಮೂರು ಸಲ ಹಿಂದಕ್ಕೆ ಹೊಲಿದು ಮುಗಿಸಿದ್ದರು. ಸಹಿ ಬೇರೆ ಬೇಕಾಗಿರಲಿಲ್ಲ.

ಎಂಟು ವರ್ಷದ ಹಿಂದೆ ಕಾರ್ಖಾನೆಯಲ್ಲಿ ಒಬ್ಬಳು ಇದ್ದಳು, ಎಲ್ಲರೂ ಎಡಗೈಯವಳು ಎನ್ನುತ್ತಿದ್ದರು. ಚರ್ಚಿನ ಅದೇ ಕೊನೆಯ ಬೆಂಚಿನಲ್ಲಿ ಇವಳ ಪಕ್ಕ ಕೂರುತ್ತಿದ್ದವಳು, ಬಾಯ್ತುಂಬ ಅಕ್ಕ ಎನ್ನುತ್ತಿದ್ದವಳು. ಒಂದು ದಿನ ಅವಳ ಯಂತ್ರದಿಂದ ಬಂದ ನಲವತ್ತು ಅಂಗಿಗಳಲ್ಲಿ ಹೊಲಿಗೆಯ ಉದ್ದಕ್ಕೂ ಸಣ್ಣ ತೂತುಗಳಿದ್ದವು. ಹಿಂದಿನ ದಿನವಷ್ಟೇ ರಜೆ ಕೊಡದ ಮೇಲ್ವಿಚಾರಕನ ಜೊತೆ ಅವಳು ಜಗಳವಾಡಿದ್ದಳು. ಭೂತಗನ್ನಡಿ ಎರಡನ್ನೂ ಕೂಡಿಸಿ, "ಬೇಕಂತಲೇ ಮಾಡಿದ್ದಾಳೆ, ನಾನು ನೋಡಿದೆ" ಎಂದುಬಿಟ್ಟಳು. ಅವಳು ನೋಡಿರಲಿಲ್ಲ. ಊಹಿಸಿದ್ದಳು. ಆದರೆ ಅವಳ ಊಹೆಗೂ ನೋಟಕ್ಕೂ ನಡುವೆ ಗೋಡೆಯೇ ಇರಲಿಲ್ಲ. ಎಡಗೈಯವಳ ಕೆಲಸ ಹೋಯಿತು. ತಿಂಗಳಾದ ಮೇಲೆ ಯಂತ್ರ ರಿಪೇರಿಯ ಮೆಕ್ಯಾನಿಕ್ ಬಂದು, "ಅಕ್ಕಾ, ಬಟ್ಟೆ ತಳ್ಳೋ ಹಲ್ಲು ಮುರಿದಿತ್ತು. ತೂತು ಅದರಿಂದಾನೇ" ಎಂದ. ಅವಳು ಹೂಂ ಎಂದು ಮುಂದಿನ ಅಂಗಿ ಎತ್ತಿಕೊಂಡಳು.

ಆಮೇಲೆ ಎಡಗೈಯವಳು ಆ ಚರ್ಚಿಗೆ ಬರಲಿಲ್ಲ. ಸ್ತ್ರೀಯರ ಕೂಟದಲ್ಲಿ ಪ್ರತಿ ಗುರುವಾರ ಒಬ್ಬರು ಎದ್ದು, ತಮ್ಮ ಬದುಕಿನಲ್ಲಿ ದೇವರು ಮಾಡಿದ್ದನ್ನು ಸಾಕ್ಷಿ ಹೇಳುವ ಪದ್ಧತಿ. ಭೂತಗನ್ನಡಿ ತನ್ನ ಸರದಿ ಬಂದಾಗಲೆಲ್ಲ ಗಂಟಲು ನೋವು ಎನ್ನುತ್ತಿದ್ದಳು. ಒಮ್ಮೆ ಹೇಳಿದ ಸಾಕ್ಷಿಯೇ ಗಂಟಲಲ್ಲಿ ಸಿಕ್ಕಿಕೊಂಡಿತ್ತು.

ಈಗ ಅವಳು ಕೆಲಸಕ್ಕೆ ಅರ್ಧ ದಿನ ರಜೆ ಹಾಕಿ ನಾಯಿಯ ಬೆನ್ನು ಹತ್ತಿದಳು. ಅದು ಓಣಿ ದಾಟಿ, ನೀರಿನ ಟ್ಯಾಂಕಿನ ಪಕ್ಕ ತಿರುಗಿ, 'ಬಟ್ಟೆ ಚಿಕ್ಕದು-ದೊಡ್ಡದು ಮಾಡಿಕೊಡಲಾಗುವುದು' ಎಂದು ಬರೆದ ಬಾಗಿಲೊಳಗೆ ಸ್ವಂತ ಮನೆಯಂತೆ ನುಗ್ಗಿತು. ಎದುರಿನ ಗೋಡೆಯ ಮರೆಯಿಂದ ಅವಳು ಇಣುಕಿದಳು. ಎಡಗೈಯವಳ ತಲೆ ನರೆತಿತ್ತು. ಹೊಲಿಗೆ ಯಂತ್ರದ ಕೆಳಗೆ ನಾಯಿ ಮಲಗಿತ್ತು. ಅವಳು ಚೂರುಚೂರು ಬ್ರೆಡ್ಡು ಬೀಳಿಸುತ್ತ ಹೊಲಿಯುತ್ತಿದ್ದಳು.

ಭೂತಗನ್ನಡಿ ಬಾಗಿಲು ತಟ್ಟದೆ ಹಿಂತಿರುಗಿದಳು. ನಾಯಿ ಯಾರದೆಂದು ಗೊತ್ತಿದ್ದೇ ಹೀಗೆ ಮಾಡುತ್ತಿದ್ದಾಳೆ, ಸೇಡಿಗೆ ಹೊಂಚು ಹಾಕಿದ್ದಾಳೆ, ಇಲ್ಲದಿದ್ದರೆ ಯಾರದೋ ನಾಯಿಗೆ ಇಷ್ಟು ಚಂದದ ಪಟ್ಟಿ ಯಾಕೆ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ತಾನು ಮಾಡಿದ್ದು ನೆನಪಾದಷ್ಟೂ ಎದುರಿನವಳು ಏನು ಮಾಡಬಹುದು ಎಂಬ ಭಯ ಬೆಳೆಯಿತು. ಮಾರನೆಯ ದಿನದಿಂದ ನಾಯಿಯನ್ನು ಕಟ್ಟಿಹಾಕಿದಳು. ಅತ್ತೆ ಕನಿಕರಪಟ್ಟು ಮಧ್ಯಾಹ್ನ ಬಿಚ್ಚಿಬಿಡುತ್ತಿದ್ದರು.

ಆ ವಾರದ ಕೊನೆಗೆ, ಬೆಳಿಗ್ಗೆ ಎದ್ದರೆ ನಾಯಿ ನೊರೆ ನೊರೆ ವಾಂತಿ ಮಾಡಿಕೊಂಡು ಬಾಗಿಲ ಬಳಿ ಬಿದ್ದಿತ್ತು. ಕಣ್ಣು ತೇಲುತ್ತಿತ್ತು. ಅವಳು ಅದನ್ನು ಹಳೆ ಹೊದಿಕೆಯಲ್ಲಿ ಸುತ್ತಿ ಎತ್ತಿಕೊಂಡು ಪಶುವೈದ್ಯರ ಬಳಿಗೆ ಓಡಿದಳು. ದಾರಿ ಟ್ಯಾಂಕಿನ ಪಕ್ಕದಲ್ಲೇ. ಆ ಬಾಗಿಲ ಮುಂದೆ ಕಾಲು ತಾನಾಗಿ ನಿಂತಿತು.

"ಏನು ಹಾಕ್ದೆ ಇದಕ್ಕೆ?" ಓಣಿಗೆಲ್ಲ ಕೇಳುವಂತೆ ಕೂಗಿದಳು. "ನನ್ನ ಮೇಲೆ ಸಿಟ್ಟಿದ್ರೆ ನನಗೆ ಹಾಕಬೇಕಿತ್ತು ವಿಷ! ಬಾಯಿಲ್ಲದ ಪ್ರಾಣಿ ಏನು ಮಾಡಿತ್ತು ನಿನಗೆ?"

ಕೈಯಲ್ಲಿ ಸೂಜಿ ಹಿಡಿದೇ ಹೊರಬಂದ ಎಡಗೈಯವಳು ಮೊದಲು ಅವಳನ್ನು ನೋಡಿದಳು, ಆಮೇಲೆ ನಾಯಿಯನ್ನು. ಅಕ್ಕಪಕ್ಕದ ಬಾಗಿಲುಗಳು ತೆರೆದುಕೊಂಡವು. ಅವಳು ಅಂದದ್ದು ಇಷ್ಟೇ: "ಮೊದಲು ಡಾಕ್ಟ್ರ ಹತ್ರ ಓಡಿ. ಜಗಳ ಆಮೇಲೆ ಮಾಡಿ."

ಪಶುವೈದ್ಯರು ಕಡಿಮೆ ಮಾತಿನ ಮನುಷ್ಯ. ಹೊಟ್ಟೆ ಒತ್ತಿ ನೋಡಿದರು, ಸೂಜಿ ಚುಚ್ಚಿದರು, ಗಂಟೆಗಟ್ಟಲೆ ಕಾಯಿಸಿದರು. ಕೊನೆಗೆ ನಾಯಿ ಕಕ್ಕಿದ್ದನ್ನು ಒಂದು ಟ್ರೇಯಲ್ಲಿ ತಂದು ತೋರಿಸಿದರು.

"ವಿಷ ಗಿಷ ಏನೂ ಇಲ್ಲಮ್ಮ. ಇದು ನಿಮ್ಮ ಮನೇದಾ ನೋಡಿ."

ಟ್ರೇಯಲ್ಲಿ ಮುದ್ದೆಯಾದ ಬಿಳಿ ಬಟ್ಟೆಯ ಚೂರು, ಅದಕ್ಕೆ ಅಂಟಿಕೊಂಡ ನಾಲ್ಕೈದು ಕೆಂಪು ಬಾಣ. ತಪಾಸಣೆ ಮೇಜು ಒರೆಸುವ ಬಟ್ಟೆ. ಒಗೆಯಲು ಮನೆಗೆ ತಂದಿದ್ದ ಅವಳದೇ ಏಪ್ರನ್ನಿನ ಜೇಬಿನಿಂದ ಬಿದ್ದದ್ದು.

ಮನೆಗೆ ಬಂದು ಅತ್ತೆಯ ಮಂಚದ ಅಂಚಿಗೆ ಕೂತು ಅವಳು ಎಲ್ಲವನ್ನೂ ಹೇಳಿದಳು. ನಲವತ್ತು ಅಂಗಿ, ಮುರಿದ ಹಲ್ಲು, ಇಂದಿನ ಕೂಗಾಟ. ಎಂಟು ವರ್ಷದಲ್ಲಿ ಮೊದಲ ಸಲ.

"ನನಗೆ ಬೇಜಾರಾಯ್ತು ಕಣೇ," ಎಂದರು ಅತ್ತೆ. "ಆ ಹುಡುಗಿ ಚರ್ಚಿಗೆ ಯಾಕೆ ಬರ್ತಿಲ್ಲ ಅಂತ ನಾನು ಕೇಳಿದಾಗ ಗೊತ್ತಿಲ್ಲ ಅಂದೆಯಲ್ಲ."

"ಈಗ ಏನು ಮಾಡ್ಲಿ ಅತ್ತೆ?"

"ನನ್ನ ಕೇಳ್ತೀಯಾ? ನೀನು ಒದ್ದ ದಿನ ಆ ನಾಯಿ ಯಾರನ್ನ ಕೇಳ್ಕೊಂಡು ನಿನ್ನ ಹತ್ರ ಬಂತು?"

ಅಂದು ಸಂಜೆ ಎಡಗೈಯವಳ ಬಾಗಿಲ ಮುಂದೆ ಭೂತಗನ್ನಡಿ ಹೋಗಿ ನಿಂತಳು. ಹೇಳಬೇಕೆಂದು ಕಟ್ಟಿಕೊಂಡು ಬಂದ ಮಾತೆಲ್ಲ ಚೆದುರಿಹೋಯಿತು.

"ನಾಯಿ ಬದುಕಿತು. ನುಂಗಿದ್ದು ನಮ್ಮನೆ ಬಟ್ಟೆ."

"ಸರಿ."

"ಆ ಅಂಗಿಗಳು... ಯಂತ್ರದ ಹಲ್ಲು ಮುರಿದಿತ್ತು. ನನಗೆ ಆಮೇಲೆ ಗೊತ್ತಾಯ್ತು. ಗೊತ್ತಾಗಿಯೂ ಸುಮ್ಮನಿದ್ದೆ. ನೋಡಿದೆ ಅಂದಿದ್ದು ಸುಳ್ಳು."

ಎಡಗೈಯವಳು ಯಂತ್ರದ ಗಾಲಿಯ ಮೇಲೆ ಕೈಯಿಟ್ಟು ನಿಂತೇ ಇದ್ದಳು. "ಹಲ್ಲು ಮುರಿದಿದ್ದು ನನಗೂ ಗೊತ್ತು. ಮೆಕ್ಯಾನಿಕ್ ಬಂದು ಹೇಳಿದ. ನಿಮಗೂ ಹೇಳಿದೀನಿ ಅಂದ. ಒಂದು ವರ್ಷ ಕಾದೆ, ಬರ್ತೀರಿ ಅಂತ."

"ನಾಯಿ ನನ್ನದು ಅಂತ ಗೊತ್ತಿತ್ತಾ?"

"ಹಗ್ಗದ ಗಂಟು ನೋಡಿ ಗೊತ್ತಾಯ್ತು. ಅಷ್ಟು ಬಿಗಿಯಾಗಿ ಇನ್ಯಾರು ಕಟ್ತಾರೆ? ಕುತ್ತಿಗೆ ತರಚಿತ್ತು ಪಾಪ. ಮೊದಲ ದಿನ ಓಡಿಸಿದೆ. ಮಾರನೇ ದಿನ ಮತ್ತೆ ಬಂತು. ನಿಮ್ಮ ಮೇಲಿನ ಸಿಟ್ಟು ಅದರ ಮೇಲೆ ತೀರಿಸೋಕೆ ಕೈ ಬರಲಿಲ್ಲ." ಸ್ವಲ್ಪ ತಡೆದು ಸೇರಿಸಿದಳು: "ನಾಯಿ ಬರಲಿ. ನೀವು ಬರಬೇಡಿ. ಸದ್ಯಕ್ಕೆ ನನ್ನ ಕೈಲಾಗಲ್ಲ."

ಭೂತಗನ್ನಡಿ ತಲೆಯಾಡಿಸಿ ಬಂದಳು. ದಾರಿಯಲ್ಲಿ ಅಭ್ಯಾಸಬಲದಿಂದ ಆ ಮಾತಿನೊಳಗೆ ಬೇರೆ ಅರ್ಥ ಹುಡುಕಿದಳು. ಏನೂ ಸಿಗಲಿಲ್ಲ. ನೇರ ಮಾತು ನೇರವಾಗಿಯೇ ಇತ್ತು.

ಮರುದಿನ ಕಾರ್ಖಾನೆಯ ಮ್ಯಾನೇಜರನ ಮುಂದೆ ನಿಂತು ಹಳೆಯದನ್ನೆಲ್ಲ ಹೇಳಿದಳು. ಆತ ಹೊಸಬ. "ಈಗ ಅದನ್ನೆಲ್ಲ ಯಾಕೆ ಕೆದಕ್ತೀರಿ?" ಎಂದ. ಬಿಡಲಿಲ್ಲ ಅವಳು. ತಪ್ಪು ಯಂತ್ರದ್ದು ಎಂದು ಒಂದು ಕಾಗದ ಬರೆಸಿ, ಮೆಕ್ಯಾನಿಕ್ಕಿನ ಸಹಿ ಹಾಕಿಸಿ, ನಾಯಿಯ ಪಟ್ಟಿಗೆ ಸಿಕ್ಕಿಸಿ ಕಳಿಸಿದಳು. ಕಾಗದ ಹಿಂತಿರುಗಲಿಲ್ಲ. ಉತ್ತರವೂ ಬರಲಿಲ್ಲ.

ಮುಂದಿನ ಗುರುವಾರ ಸ್ತ್ರೀಯರ ಕೂಟದಲ್ಲಿ ಅವಳು ತಾನಾಗಿ ಎದ್ದಳು. ಹತ್ತೊಂಬತ್ತು ಹೆಂಗಸರು ಬೆಚ್ಚಿ ನೋಡಿದರು.

"ನಾನು ಒಬ್ಬರ ಮೇಲೆ ಸುಳ್ಳು ಸಾಕ್ಷಿ ಹೇಳಿದೀನಿ. ಅದಕ್ಕೇ ಇಲ್ಲಿ ಸಾಕ್ಷಿ ಹೇಳೋಕೆ ಬಾಯಿ ಬರ್ತಿರಲಿಲ್ಲ," ಎಂದು ಶುರುಮಾಡಿ, ಹೆಸರು ಹೇಳದೆ ನಡೆದದ್ದನ್ನು ಹೇಳಿದಳು. "ಮೇಜಿನ ಕೆಳಗೆ ನಾಯಿಗೆ ಬೀಳೋ ರೊಟ್ಟಿ ಚೂರಾದರೂ ಸಾಕು ಅಂತ ಯೇಸುವಿನ ಹತ್ರ ಒಬ್ಬ ಹೆಂಗಸು ಹಟ ಹಿಡಿದು ಕೇಳಿದ್ಲಲ್ಲ, ಆ ಕತೆ ಕೇಳಿದಾಗಲೆಲ್ಲ ನಾನು ಮೇಜಿನ ಮುಂದೆ ಊಟಕ್ಕೆ ಕೂತೋಳು ಅಂದ್ಕೊಂಡಿದ್ದೆ. ನಾನೂ ಕೆಳಗಿರೋಳೇ. ನಾನು ಕಣ್ಣಿಟ್ಟು ಕಾದಿದ್ದೆಲ್ಲ ಬೇರೆಯವರ ತಪ್ಪಿಗೆ. ದೇವರು ನನ್ನ ತಪ್ಪು ಪೂರ್ತಿ ನೋಡಿ, ಆದರೂ ಹತ್ರ ಬರ್ತಾನೆ ಅಂತ ನಮ್ಮನೆ ನಾಯಿ ತೋರಿಸೋವರೆಗೂ ನಂಬಿರಲಿಲ್ಲ. ಈಗಲೂ ಪೂರ್ತಿ ನಂಬಿಕೆ ಬಂದಿದೆ ಅಂತ ಹೇಳಲ್ಲ. ಹೇಳಿದ್ರೆ ಅದೂ ಸುಳ್ಳಾಗುತ್ತೆ."

ಯಾರೂ ಆಮೆನ್ ಎನ್ನಲಿಲ್ಲ. ಪಾಸ್ಟರ್ ಅವರ ಹೆಂಡತಿ ಎದ್ದು ಒಂದು ಲೋಟ ನೀರು ತಂದುಕೊಟ್ಟಳು. ಕೂಟ ಮುಗಿದ ಮೇಲೆ ಇಬ್ಬರು ಅವಳನ್ನು ತಪ್ಪಿಸಿಕೊಂಡು ಹೋದರು. ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಅವಳಿಗೆ ಆಡಿದ ಮೇಲೆಯೇ ಉಸಿರು ಬಂತು.

ಎಡಗೈಯವಳು ಆ ಚರ್ಚಿಗೆ ಹಿಂತಿರುಗಲಿಲ್ಲ. ಸೇತುವೆಯ ಆಚೆಗಿನ ಇನ್ನೊಂದು ಚರ್ಚಿಗೆ ಅವಳು ಆರು ವರ್ಷದಿಂದ ಹೋಗುತ್ತಿದ್ದಳು. ಅಲ್ಲೇ ಅವಳಿಗೆ ನೆಮ್ಮದಿ. ಆದರೆ ಚಳಿ ಶುರುವಾದಾಗ ಒಂದು ಶನಿವಾರ ಮಧ್ಯಾಹ್ನ ನಾಯಿಯ ಜೊತೆಗೆ ತಾನೂ ಬಂದು ಅತ್ತೆಯ ಪಕ್ಕ ಅರ್ಧ ಗಂಟೆ ಕೂತು ಹೋದಳು. ಭೂತಗನ್ನಡಿ ಅಡುಗೆಮನೆಯಿಂದ ಚಹಾ ತಂದಿಟ್ಟಳು. ಲೋಟ ಖಾಲಿಯಾಯಿತು. ಅದಕ್ಕಿಂತ ಹೆಚ್ಚಿನ ಮಾತು ಆ ದಿನ ನಡೆಯಲಿಲ್ಲ. ಆಮೇಲಿನ ತಿಂಗಳಲ್ಲಿ ಇನ್ನೆರಡು ಸಲ ಬಂದಳು.

ಭೂತಗನ್ನಡಿಯ ಅನುಮಾನ ಹೋಯಿತೆಂದು ಹೇಳಿದರೆ ಬೇಕರಿಯವನೇ ನಗುತ್ತಾನೆ. ಇಂದಿಗೂ ಅವಳು ಮೀನಿನ ಕಿವಿರು ಬಿಡಿಸಿ ನೋಡದೆ ಕೊಳ್ಳುವುದಿಲ್ಲ. ಆದರೆ ಮೊನ್ನೆ ಹೊಸದಾಗಿ ಸೇರಿದ ಹೆಂಗಸೊಬ್ಬಳ ಹನ್ನೆರಡು ಅಂಗಿಗಳ ಕಾಲರು ಸೊಟ್ಟಗಿದ್ದಾಗ, ತಪ್ಪಿನ ಲೆಕ್ಕದಲ್ಲಿ ಅವಳ ಹೆಸರು ಬರೆಯುವ ಮೊದಲು ಮೆಕ್ಯಾನಿಕ್ಕನ್ನು ಕರೆಸಿ ಯಂತ್ರ ನೋಡಿಸಿದಳು. ಯಂತ್ರ ಸರಿಯಾಗಿಯೇ ಇತ್ತು.

"ನಿಂದೇ ತಪ್ಪು ಕಣಮ್ಮ," ಎಂದು ಅವಳ ಮುಖಕ್ಕೇ ಹೇಳಿ, ಪಕ್ಕದಲ್ಲಿ ಸ್ಟೂಲು ಎಳೆದುಕೊಂಡು ಕೂತು, ಹನ್ನೆರಡೂ ಕಾಲರುಗಳ ಹೊಲಿಗೆಯನ್ನು ಅವಳ ಜೊತೆ ಸೇರಿ ಬಿಚ್ಚತೊಡಗಿದಳು.