ತಾಂಬೂಲದ ಚೀಲದಲ್ಲಿ ಒಂದು ಉದಾರವಾದಿ ಪಕ್ಷ

ಯುರೋಪಿನ ಪುಟ್ಟ ದೇಶವೊಂದರ ಪುಟ್ಟ ಉದಾರವಾದಿ ಪಕ್ಷದ ಇತಿಹಾಸವನ್ನು ಕನ್ನಡದಲ್ಲಿ ಬರೆದವನು ನಾನೊಬ್ಬನೇ. ಅದನ್ನು ಪೂರ್ತಿ ಓದಿದವರೂ ಒಬ್ಬರೇ. ಆ ಒಬ್ಬರು ಯಾರೆಂದು ತಿಳಿಯುವ ಹೊತ್ತಿಗೆ ನಾನು ಕೆಲಸದಿಂದ ನಿವೃತ್ತನಾಗಿದ್ದೆ.

ತುಮಕೂರಿನ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಕಲಿಸುತ್ತಿದ್ದಾಗ ಪಿಎಚ್‌ಡಿಗೆಂದು ಆ ವಿಷಯ ಹಿಡಿದಿದ್ದೆ. ಯಾಕೆ ಆ ಪಕ್ಷವೇ ಎಂದು ಕೇಳಿದವರಿಗೆ ಉದಾರವಾದದ ಮೇಲಿನ ನಿಷ್ಠೆ ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ, ನಾನು ಬರೆದದ್ದು ತಪ್ಪು ಎನ್ನಬಲ್ಲವರು ಈ ಜಿಲ್ಲೆಯಲ್ಲಂತೂ ಯಾರೂ ಸಿಗಲಾರರು ಎಂಬ ಧೈರ್ಯ. ಆ ದೇಶವನ್ನು ನಾನು ನೋಡಿಲ್ಲ. ಪಾಸ್‌ಪೋರ್ಟ್ ಮಾಡಿಸಿದ್ದೆ, ಅದು ಅವಧಿ ಮುಗಿದು ಬೀರುವಿನಲ್ಲಿ ಬಿದ್ದಿದೆ.

ಆದರೂ ಬರೆಯುತ್ತ ಬರೆಯುತ್ತ ಆ ಪಕ್ಷದ ಮೇಲೆ ಪ್ರೀತಿ ಹುಟ್ಟಿತು. ವಕೀಲರು, ಮೇಷ್ಟ್ರುಗಳು, ಪತ್ರಿಕೆ ನಡೆಸುವವರು ಕಾಫಿ ಅಂಗಡಿಯಲ್ಲಿ ಕೂತು ಕಟ್ಟಿದ ಪಕ್ಷ. ಎಲ್ಲರಿಗೂ ಮತದ ಹಕ್ಕು ಬೇಕೆಂದು ಹೋರಾಡಿ ಗೆದ್ದರು. ಹಕ್ಕು ಸಿಕ್ಕವರೆಲ್ಲ ಹೋಗಿ ಬೇರೆ ಪಕ್ಷಕ್ಕೆ ಓಟು ಹಾಕಿದರು. ಆಮೇಲೆ ಹೆಂಡ ನಿಷೇಧಿಸಬೇಕೋ ಬೇಡವೋ ಎಂದು ಕಿತ್ತಾಡಿ ಎರಡು ಹೋಳಾದರು, ಸುಸ್ತಾಗಿ ಮತ್ತೆ ಒಂದಾದರು. ಕೊನೆಗೆ ದೊಡ್ಡ ಪಕ್ಷವೊಂದು, ಕೆಲವು ಕ್ಷೇತ್ರ ನಿಮಗೇ ಇರಲಿ, ನಿಮ್ಮೆದುರು ನಾವು ಯಾರನ್ನೂ ನಿಲ್ಲಿಸುವುದಿಲ್ಲ ಎಂದಿತು. ಇವರು ಖುಷಿಯಾಗಿ ಒಪ್ಪಿದರು. ಎದುರಾಳಿ ಇಲ್ಲವೆಂದ ಮೇಲೆ ಮನೆಮನೆ ತಿರುಗುವುದು ನಿಂತುಹೋಯಿತು. ದೊಡ್ಡ ಪಕ್ಷ ಕೊಟ್ಟದ್ದನ್ನು ವಾಪಸ್ ಕೇಳಿದ ದಿನ ಇವರಿಗೆ ಮತದಾರರ ಮನೆ ಯಾವ ಬೀದಿಯಲ್ಲಿದೆ ಎಂಬುದೇ ಮರೆತಿತ್ತು. ಆ ಅಧ್ಯಾಯದಲ್ಲಿ ನಾನು ಬಹಳ ಕಠೋರನಾಗಿದ್ದೇನೆ. 'ಬೆನ್ನುಮೂಳೆ ಇಲ್ಲದವರು' ಎಂದು ಪದೇ ಪದೇ ಬೈದಿದ್ದೇನೆ.

ಇದನ್ನೆಲ್ಲ ಪುಸ್ತಕವಾಗಿ ಅಚ್ಚು ಹಾಕಿಸಿದೆ, ಖರ್ಚಾಗಲಿಲ್ಲ. ಕುಣಿಗಲ್‌ನಲ್ಲೊಮ್ಮೆ ಭಾಷಣಕ್ಕೆ ಕರೆದಿದ್ದರು, ಒಂದು ಕಟ್ಟು ಹೊತ್ತುಕೊಂಡು ಹೋದೆ. ವಾಪಸ್ ಬರುವಾಗ ಶಾಲು, ಹಾರ, ಹಣ್ಣಿನ ಬುಟ್ಟಿಯ ಜೊತೆ ಆ ಕಟ್ಟೂ ಹಾಗೇ ಬಂತು. ತುಮಕೂರಿನ ಅಂಚಿನ ಮರಳೂರಿನಲ್ಲಿ ಮನೆ ಕಟ್ಟಿ ಗೃಹಪ್ರವೇಶ ಮಾಡಿದಾಗ ನನ್ನ ಹೆಂಡತಿ ಒಂದು ಉಪಾಯ ಮಾಡಿದಳು. ಅವಳು ಕೊತ್ತಗೆರೆ ಕಡೆಯವಳು, ಮನೆಯಲ್ಲಿ ಜಾಗ ದಂಡವಾದರೆ ಅವಳಿಗೆ ನಿದ್ದೆ ಬರುವುದಿಲ್ಲ. ಬಂದವರಿಗೆ ಕೊಡುವ ತಾಂಬೂಲದ ಚೀಲದಲ್ಲಿ ತೆಂಗಿನಕಾಯಿಯ ಜೊತೆ ಒಂದೊಂದು ಪುಸ್ತಕ ಇಟ್ಟುಬಿಟ್ಟಳು. ಪಂಕ್ತಿಗಳೆಲ್ಲ ಮುಗಿದ ಮೇಲೆ ನೋಡುತ್ತೇನೆ, ಕೈ ತೊಳೆಯುವ ಕಟ್ಟೆಯ ಮೇಲೆ ನನ್ನ ಪುಸ್ತಕಗಳು ಸಾಲಾಗಿ ಕೂತಿದ್ದವು. ಒಂದೇ ಒಂದು ಕಾಯಿಯೂ ಉಳಿದಿರಲಿಲ್ಲ. ತೋಟದ ತುಂಬ ಕಾಯಿ ಬೆಳೆಯುವ ಜನ, ನನ್ನ ಪುಸ್ತಕಕ್ಕಿಂತ ಇನ್ನೊಂದು ಕಾಯಿಯೇ ಮೇಲೆಂದು ತೀರ್ಮಾನಿಸಿದ್ದರು.

ಪುಸ್ತಕವನ್ನೂ ತೆಗೆದುಕೊಂಡು ಹೋದವಳು ನನ್ನ ಅಕ್ಕ ಮಾತ್ರ. ಕಡಬದ ಹತ್ತಿರ ನಮ್ಮೂರು. ಅಕ್ಕ ಅಲ್ಲೇ ಮದುವೆಯಾಗಿ ಅಲ್ಲೇ ಉಳಿದವಳು, ತೋಟ ನೋಡಿಕೊಳ್ಳುವವಳು. ಗೊಬ್ಬರ, ಬೆಳೆಸಾಲ ಕೊಡುವ ಊರಿನ ಸೊಸೈಟಿಯಲ್ಲಿ ಬಹಳ ವರ್ಷದಿಂದ ಮಹಿಳಾ ಮೀಸಲು ಸ್ಥಾನದ ನಿರ್ದೇಶಕಿ. ಅದಕ್ಕಾಗಿ ಅವಳು ಎಂದೂ ಓಟು ಕೇಳಿದ್ದಿಲ್ಲ. ನಮ್ಮ ಕಡೆ ಸೊಸೈಟಿ ಚುನಾವಣೆ ಬಂತೆಂದರೆ ಹಿರಿಯರು ದೇವಸ್ಥಾನದ ಜಗಲಿಯಲ್ಲಿ ಕೂತು ಯಾರು ಯಾರು ಎಂದು ಮಾತಾಡಿಕೊಳ್ಳುತ್ತಾರೆ. ಉಳಿದವರು ನಾಮಪತ್ರ ವಾಪಸ್ ತೆಗೆಯುತ್ತಾರೆ. ಮಾರನೆಯ ದಿನ 'ಅವಿರೋಧ ಆಯ್ಕೆ' ಎಂದು ಹಾರ ಹಾಕಿಸಿಕೊಂಡ ಫೋಟೊ ವಾಟ್ಸಾಪಿಗೆ ಬರುತ್ತದೆ. ಊರಿನ ಒಗ್ಗಟ್ಟು ಎಂದರೆ ಅದೇ.

ಕಳೆದ ಚುನಾವಣೆಯಲ್ಲಿ ಅಕ್ಕ ಮಹಿಳಾ ಸ್ಥಾನ ಬೇಡವೆಂದು ಸಾಮಾನ್ಯ ಸ್ಥಾನಕ್ಕೆ ನಾಮಪತ್ರ ಹಾಕಿದಳು, ಅದೂ ಸೊಸೈಟಿಯ ಅಧ್ಯಕ್ಷರ ಎದುರಿಗೇ. ಅವರು ಸಂಬಂಧದಲ್ಲಿ ನಮಗೆ ಮಾವ. ವಾಪಸ್ ತೆಗೆಯಲು ಎಷ್ಟು ಹೇಳಿದರೂ ಅಕ್ಕ ಒಪ್ಪಲಿಲ್ಲವಂತೆ. ಕೊನೆಗೆ ಮಾವ ನನಗೆ ಫೋನ್ ಮಾಡಿ ಗುಬ್ಬಿಗೆ ಕರೆಸಿಕೊಂಡರು.

ಬಸ್‌ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಇಡ್ಲಿ, ವಡೆ, ಮೇಲೆ ಕಾಫಿ. ಮಾವ ಒಂದು ಸೂತ್ರ ಹೇಳಿದರು. ನಾಮಪತ್ರದ ಗಡುವು ಇನ್ನೂ ಮುಗಿದಿಲ್ಲ, ಅಕ್ಕ ಎಂದಿನಂತೆ ಮಹಿಳಾ ಸ್ಥಾನದಲ್ಲೇ ಅವಿರೋಧವಾಗಿ ಇರಲಿ, ಅವಧಿಯ ಕೊನೆಯ ಅರ್ಧದಲ್ಲಿ ಉಪಾಧ್ಯಕ್ಷಗಿರಿ ಅವಳಿಗೇ. ನೀವು ಓದಿದೋರು, ದೇಶವಿದೇಶದ ರಾಜಕೀಯ ತಿಳಿದೋರು, ನೀವು ಹೇಳಿದರೆ ಕೇಳುತ್ತಾಳೆ ಎಂದರು. ನನ್ನನ್ನು ಓದಿದವನು ಎಂದು ಯಾರಾದರೂ ಕರೆದರೆ ನಾನು ಕರಗಿಹೋಗುತ್ತೇನೆ. ಅಂದು ಎರಡನೇ ವಡೆಯ ಹೊತ್ತಿಗೇ ಕರಗಿದ್ದೆ. ಎರಡು ಪಕ್ಷಗಳ ನಡುವೆ ಸಂಧಾನ ಮಾಡಿಸಿದ ರಾಜತಂತ್ರಜ್ಞನ ಹಾಗೆ ಎದೆಯುಬ್ಬಿಸಿಕೊಂಡು ನೇರ ಊರಿಗೆ ಹೋದೆ.

ಅಕ್ಕ ಹಿತ್ತಲಿನಲ್ಲಿ ಗರಿ ಸೀಳಿ ಪೊರಕೆಗೆ ಕಡ್ಡಿ ತೆಗೆಯುತ್ತಿದ್ದಳು. ಸೂತ್ರವನ್ನು ಪಾಠದ ಧಾಟಿಯಲ್ಲೇ ವಿವರಿಸಿದೆ. ಸೋಲಿನ ಅವಮಾನ ಇಲ್ಲ, ಊರಿನಲ್ಲಿ ವಿರಸ ಇಲ್ಲ, ಸ್ಥಾನವೂ ಉಳಿಯುತ್ತದೆ. ಅವಳು ಕಡ್ಡಿ ತೆಗೆಯುವುದನ್ನು ನಿಲ್ಲಿಸದೆ ಪೂರ್ತಿ ಕೇಳಿದಳು.

"ನಿನ್ ಪುಸ್ತಕ ಪೂರ್ತಿ ಓದಿದೀನಿ ಕಣ್ಲಾ," ಎಂದಳು. "ಅದುನ್ನ ಬರ್ದೋನು ನೀನೇನಾ?"

ನಾನೇ ಎಂದು ಹೇಳಲು ನಾಚಿಕೆಯಾಯಿತು. ಎದುರಾಳಿ ಇಲ್ಲದ ಸ್ಥಾನಕ್ಕೆ ಒಪ್ಪಿದರೆಂದು ಆ ಅಧ್ಯಾಯದಲ್ಲಿ ಯಾರನ್ನು ಬೈದಿದ್ದೆನೋ ಅವರ ಹಾಗೆಯೇ ನಾನೂ ವಡೆ ತಿಂದು ಒಪ್ಪಿಕೊಂಡು ಬಂದಿದ್ದೆ. ಪಾಪ, ಅವರಿಗಾದರೂ ಒಂದಿಡೀ ದೇಶದ ಚಿಂತೆ ಇತ್ತು.

ಇದಕ್ಕೆ ಪ್ರಾಯಶ್ಚಿತ್ತವೆಂದರೆ ಒಂದೇ, ಅಕ್ಕನಿಗೆ ಓಟು ಹಾಕುವುದು. ಅಪ್ಪ ತೀರಿಕೊಂಡ ಮೇಲೆ ಅವರ ಷೇರು ನನ್ನ ಹೆಸರಿಗೆ ಬಂದು ನಾನೂ ಆ ಸೊಸೈಟಿಯ ಸದಸ್ಯನಾಗಿದ್ದೆ. ಮತದಾನದ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬೆಳಗಿನ ಬಸ್ಸಿಗೇ ಹೋದೆ. ಸಾಲಿನಲ್ಲಿ ನಿಂತು ಹಿಂದೆ ಮುಂದೆ ಇದ್ದವರಿಗೆ ಮತದ ಮಹತ್ವದ ಬಗ್ಗೆ ನಾಲ್ಕು ಮಾತೂ ಹೇಳಿದೆ. ನನ್ನ ಸರದಿ ಬಂದಾಗ ಮೇಜಿನ ಹಿಂದಿದ್ದವರು ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ ಸಾರ್ ಎಂದರು. ವರ್ಷಕ್ಕೊಮ್ಮೆ ನಡೆಯುವ ಸರ್ವಸದಸ್ಯರ ಸಭೆಗೆ ಸತತವಾಗಿ ಬಾರದವರಿಗೆ ಓಟಿನ ಹಕ್ಕು ಹೋಗುತ್ತದಂತೆ. ನಾನು ಒಂದಕ್ಕೂ ಬಂದವನಲ್ಲ. ಸಭೆಯ ನೋಟೀಸು ವರ್ಷವರ್ಷವೂ ಮರಳೂರಿನ ಮನೆಗೆ ಬರುತ್ತಿತ್ತು. ಪ್ರಜಾಪ್ರಭುತ್ವದಲ್ಲಿ ನಾಗರಿಕರ ಪಾತ್ರ ಎಂಬ ಪಾಠ ತಯಾರಿಸುವಾಗ ಪುಸ್ತಕದ ನಡುವೆ ಗುರುತಿಗೆ ಅದನ್ನೇ ಇಟ್ಟುಕೊಳ್ಳುತ್ತಿದ್ದೆ.

ಬಿಳಿ ಅಂಗಿಯಲ್ಲಿ ಹೊರಗೆ ಬಂದು ಹುಣಸೆಮರದ ಕೆಳಗೆ ಸಂಜೆಯವರೆಗೆ ಕೂತೆ. ಓಟು ಹಾಕಿ ಬಂದವರೆಲ್ಲ, ಇನ್ನೂ ಆಗ್ಲಿಲ್ವಾ ಸಾರ್ ಎಂದು ವಿಚಾರಿಸಿಕೊಂಡು ಹೋದರು. ಎಣಿಕೆ ಮುಗಿದಾಗ ಮಾವ ಗೆದ್ದಿದ್ದರು. ಅಕ್ಕನಿಗೆ ಬಂದ ಓಟು ಅವರದಕ್ಕೆ ಅರ್ಧವೂ ಇರಲಿಲ್ಲ, ನಾನು ಹಾಕಿದ್ದರೂ ಏನೂ ಆಗುತ್ತಿರಲಿಲ್ಲ. ನಿಜ ಹೇಳುತ್ತೇನೆ, ಅದನ್ನು ಕೇಳಿ ಮೊದಲು ನನಗಾದದ್ದು ಸಮಾಧಾನ. ಅಕ್ಕ ಸೋತಳಲ್ಲಾ ಎಂಬ ದುಃಖ ಆಮೇಲೆ ಬಂತು.

ಮನೆಗೆ ಹೋದರೆ ಅವಳು ಮುದ್ದೆ ಕಟ್ಟಿ ನನಗಾಗಿ ಕಾಯುತ್ತಿದ್ದಳು. ಒಳಗೊಳಗೇ ಅಳುತ್ತಿರುತ್ತಾಳೆ ಎಂದುಕೊಂಡು ಬಸ್ಸಾರಿನ ಮುಂದೆ ಕೂತು ಸಮಾಧಾನ ಹೇಳಲು ಶುರು ಮಾಡಿದೆ. ಆ ಪಕ್ಷವೂ ಸೋತಿತ್ತು ಎಂದೆ. ಅವಳು ಕೈ ಅಡ್ಡ ಮಾಡಿದಳು.

"ಆ ಪಕ್ಸ ಈಗ್ಲೂ ಐತಾ?"

ಇದೆ, ಚಿಕ್ಕದಾಗಿಯೇ ಇದೆ, ಮತ್ತೆ ಮನೆಮನೆ ತಿರುಗುತ್ತಿದ್ದಾರಂತೆ ಎಂದೆ.

"ಹಂಗಾದ್ರೆ ಬುಡು," ಎಂದು ಇನ್ನೊಂದು ಸೌಟು ಸಾರು ಬಿಟ್ಟಳು. "ಇಷ್ಟ್ ವರ್ಸ ನಾನು ಗೆದ್ದೆ ಗೆದ್ದೆ ಅಂತ ಹಾರ ಹಾಕಿಸ್ಕೊಂಡೆ. ನಂಗೆ ಅಂತ ಒಬ್ರೂ ಒಂದ್ ಓಟ್ ಹಾಕಿರ್ಲಿಲ್ಲ ಕಣ್ಲಾ. ಈ ಊರ್ನಾಗೆ ನನ್ ಪರ ಇರೋರು ಇಷ್ಟ್ ಜನ ಅವ್ರೆ ಅಂತ ಇವತ್ತು ಗೊತ್ತಾಯ್ತು." ಸೌಟು ಕೆಳಗಿಟ್ಟು ಅಂದಳು, "ಅವ್ರೊಳ್ಗೆ ನೀನಿರ್ಲಿಲ್ಲ, ಅಷ್ಟೆ."

ನಾನು ತಲೆ ಬಗ್ಗಿಸಿ ಮುದ್ದೆ ನುಂಗಿದೆ. ಈ ವರ್ಷದ ಸರ್ವಸದಸ್ಯರ ಸಭೆಗೆ ಎಲ್ಲರಿಗಿಂತ ಮೊದಲೇ ಹೋಗಿ ರುಜು ಹಾಕಿ ಕೂತಿದ್ದೆ. ಅಕ್ಕ ಒಳಗೆ ಬಂದು ಅತ್ತಿತ್ತ ನೋಡಿ, ನನ್ನ ಪಕ್ಕದ ಕುರ್ಚಿಯಲ್ಲಿ ಕೂತಳು.